ವಿಮಾನ ಚಾಲಕರ ಕೋಣೆಯೂ ನಮ್ಮ ಪ್ರಯೋಗಶಾಲೆಯೂ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿಗಳ ವೆಚ್ಚ, ದಾನಿಗಳಿಗೆ ಕೃತಜ್ಞತೆ, ಇಷ್ಟರೊಳಗೆ ಮುಗಿಯುವುದು ವಾಡಿಕೆ. ಆ ವಿವರಗಳೆಲ್ಲವೂ ಈ ಸಂಚಿಕೆಯ ವರದಿಯಲ್ಲಿ ಅಚ್ಚಾಗಿರುವುದರಿಂದ ಪುನಃ ಹೇಳುವ ಅಗತ್ಯವಿಲ್ಲ. ಈ ಸಾರಿ ನಾವು ಬರೆಯಲು ಹೊರಟಿರುವುದು ಒಂದು ದೊಡ್ಡ ವಿಮಾನದ ಚಾಲಕರ ಕೋಣೆಯ ವಿಷಯವಾಗಿ. ಇದನ್ನು ಕೇಳಿ ಸಂಪಾದಕ ಮಂಡಲಿಯ ತರುಣಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾವು ವಿಮಾನದಲ್ಲಿ ಕುಳಿತದ್ದು ಮೂರೋ ನಾಲ್ಕೋ ಸಲ. ಕುಳಿತಾಗಲೆಲ್ಲ ಕಣ್ಣು ಮುಚ್ಚಿಕೊಂಡೇ ಇದ್ದೆವೆಂಬದು ಅವರಿಗೆ ತಿಳಿಯದ ಸಂಗತಿಯಲ್ಲ. ಆದರೂ ಬರೆಯಬೇಕಾಗಿದೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿವಸ, ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನಮ್ಮ ಹಳೆಯ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಯವರಿಗೆ ಒಂದು ತಾಸು ಪಾಠ ಹೇಳಿದಳು. ವಿಮಾನ ಚಾಲಕರ ಮುಂದಿರುವ ಪರದೆಗಳಲ್ಲಿ ಅಂಕಿಗಳೂ ಗೆರೆಗಳೂ ಸರಿಯಾಗಿ ಮೂಡುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಅವಳ ಉದ್ಯೋಗ. ದಾರಿ ತೋರಿಸುವ, ನೆಲದೊಡನೆ ಮಾತನಾಡುವ, ಎಚ್ಚರಿಕೆ ಕೊಡುವ ಇಂಥ ಉಪಕರಣಗಳಿಗೆಲ್ಲ ಸೇರಿ ಏವಿಯಾನಿಕ್ಸ್ ಎಂಬ ಹೆಸರುಂಟು. ಅವಳು ಗೋಡೆಯ ಮೇಲೆ ಏರ್‌ಬಸ್ ಎ-380 ಎಂಬ ವಿಮಾನದ ಚಾಲಕರ ಕೋಣೆಯ ಚಿತ್ರವನ್ನು ಮೂಡಿಸಿದಳು. ಅದು ಎರಡಂತಸ್ತಿನ ವಿಮಾನ. ಉದ್ದ 73 ಮೀಟರು, ರೆಕ್ಕೆಯ ತುದಿಯಿಂದ ತುದಿಗೆ 80 ಮೀಟರಿಗೆ ಸ್ವಲ್ಪ ಕಡಿಮೆ, ತುಂಬಿ ಏಳುವಾಗ ತೂಕ 560 ಟನ್ನಿನಷ್ಟು. 2005ನೆಯ ಇಸವಿ ಏಪ್ರಿಲ್ 27ರಂದು ಫ್ರಾನ್ಸ್ ದೇಶದ ತುಲೂಸ್ ಪಟ್ಟಣದಲ್ಲಿ ಅದು ಮೊದಲು ಹಾರಿತು; 2007ರಲ್ಲಿ ಪ್ರಯಾಣಿಕರನ್ನು ಹೊರತೊಡಗಿತು. 2022ನೆಯ ಅಕ್ಟೋಬರ್ 14ರಂದು ದುಬಾಯಿಯಿಂದ ಹೊರಟ ಅಂಥದೊಂದು ವಿಮಾನವು ಬೆಂಗಳೂರಿನಲ್ಲಿಯೂ ಇಳಿಯಿತು. ಅಷ್ಟರಲ್ಲಿ ಆ ಜಾತಿಯ ವಿಮಾನವನ್ನು ಕಟ್ಟುವುದೇ ನಿಂತುಹೋಗಿತ್ತು. ಕೊನೆಯದು 2021ರಲ್ಲಿ ಕೊಂಡವರಿಗೆ ಒಪ್ಪಿಸಲ್ಪಟ್ಟಿತು. ಅಷ್ಟು ದೊಡ್ಡ ಯಂತ್ರವನ್ನು ನಡಿಸುವುದಕ್ಕೆ ಇಬ್ಬರು ಸಾಕೆಂದು ಕೇಳಿ ಮಕ್ಕಳು ಬೆರಗಾದರು.

ಆಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, “ಅಕ್ಕಾ, ಅವರು ತಪ್ಪು ಗುಂಡಿಯನ್ನು ಒತ್ತಿಬಿಟ್ಟರೆ?” ಎಂದಳು. ತರಗತಿಯೆಲ್ಲ ನಕ್ಕಿತು. ಗದರಿಸಬೇಕೆಂದು ನಾವು ಅರ್ಧ ಎದ್ದಿದ್ದೆವು. ಅಷ್ಟರಲ್ಲಿ ಇಂಜಿನಿಯರ್ ಹುಡುಗಿಯು, “ನಗಬೇಡಿರೇ. ನಮಗೆ ಸಂಬಳ ಕೊಡುವುದೇ ಈ ಪ್ರಶ್ನೆಗೋಸ್ಕರ” ಎಂದು ಹೇಳಿ, ಅದಕ್ಕೆ ಉತ್ತರವಾಗಿ ಹಳೆಯದೊಂದು ಸಂಗತಿಯನ್ನು ವಿವರಿಸಿದಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕದ ಬಿ-17 ಎಂಬ ಬಾಂಬು ವಿಮಾನಗಳು ಕ್ಷೇಮವಾಗಿ ನೆಲಕ್ಕೆ ಇಳಿದ ಮೇಲೆ, ಓಡುತ್ತಿರುವಾಗಲೇ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವಂತೆ. ಇಳಿದ ಬಳಿಕ ರೆಕ್ಕೆಯ ಹಿಂಬದಿಯ ಹಲಗೆಗಳನ್ನು, ಅಂದರೆ ಫ್ಲ್ಯಾಪುಗಳನ್ನು, ಒಳಕ್ಕೆ ಎಳೆದುಕೊಳ್ಳಬೇಕು; ಚಾಲಕನು ಅದಕ್ಕೆ ಬದಲಾಗಿ ಗಾಲಿಗಳನ್ನೇ ಒಳಕ್ಕೆ ಎಳೆದುಬಿಡುತ್ತಿದ್ದನು. ಚಾಲಕನ ತಪ್ಪು ಎಂದು ಬರೆದು ಕಡತವನ್ನು ಮುಚ್ಚುವುದು ರೂಢಿಯಾಗಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನು 1943ರಲ್ಲಿ ಇದನ್ನು ವಿಚಾರಿಸುವುದಕ್ಕೆ ಹೋದವನು, ಮನುಷ್ಯನನ್ನು ಪ್ರಶ್ನಿಸುವುದಕ್ಕೆ ಮೊದಲು ಆತನು ಕೂಡ್ರುವ ಸ್ಥಳವನ್ನು ನೋಡಿದನು. ಗಾಲಿಯ ಸ್ವಿಚ್ಚೂ ಫ್ಲ್ಯಾಪಿನ ಸ್ವಿಚ್ಚೂ ಪಕ್ಕಪಕ್ಕದಲ್ಲಿ ಇದ್ದವು. ಮುಟ್ಟಿದರೆ ಎರಡೂ ಒಂದೇ ತೆರ. ಆತನು ಗಾಲಿಯದಕ್ಕೆ ಚಿಕ್ಕ ರಬ್ಬರಿನ ಚಕ್ರವನ್ನೂ ಫ್ಲ್ಯಾಪಿನದಕ್ಕೆ ಬೆಣೆಯ ಆಕಾರದ ತುಂಡನ್ನೂ ಸೇರಿಸಿದನು. ತಪ್ಪು ನಿಂತಿತು. ಇಂದಿಗೂ ದೊಡ್ಡ ವಿಮಾನಗಳಲ್ಲಿ ಗಾಲಿಯ ಹಿಡಿಯು ಗಾಲಿಯಂತೆಯೂ ಫ್ಲ್ಯಾಪಿನ ಹಿಡಿಯು ರೆಕ್ಕೆಯಂತೆಯೂ ಇರಬೇಕೆಂಬದು ಕಾಯಿದೆಯಾಗಿದೆ. ಕತ್ತಲಲ್ಲಿ ಮುಟ್ಟಿದರೂ ಕೈಗೆ ತಿಳಿಯುತ್ತದೆ.

ಮಕ್ಕಳು ಚಪ್ಪಾಳೆ ತಟ್ಟಿದರು. ನಾವು ತಟ್ಟಲಿಲ್ಲ. ನಮಗೆ ಎರಡು ಶೀಶೆಗಳ ನೆನಪಾಗಿತ್ತು.

2012ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ನಾವು ಈ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕಿಯಾಗಿದ್ದೆವು. ಹತ್ತನೆಯ ತರಗತಿಯವರ ಪ್ರಯೋಗದ ದಿವಸ ಮೇಜಿನ ಮೇಲೆ ಸಲ್ಫ್ಯೂರಿಕ್ ಆಮ್ಲದ ಎರಡು ಶೀಶೆಗಳಿದ್ದವು. ಒಂದೇ ಅಳತೆ, ಒಂದೇ ಬಣ್ಣ, ಒಂದೇ ಗಾಜಿನ ಬಿರಡೆ. ಒಂದರ ಚೀಟಿಯಲ್ಲಿ ‘ಸಾರರಿಕ್ತ’ ಎಂದೂ ಇನ್ನೊಂದರ ಚೀಟಿಯಲ್ಲಿ ‘ಸಾರಯುಕ್ತ’ ಎಂದೂ ಬರೆದಿತ್ತು. ಮೊದಲನೆಯದು ನೀರು ಬೆರೆತು ಸೌಮ್ಯವಾದದ್ದು; ಎರಡನೆಯದು ಮುಟ್ಟಿದಲ್ಲಿ ಸುಡುವಂಥದ್ದು. ಓದುವವರು ದಯಮಾಡಿ ಆ ಎರಡು ಶಬ್ದಗಳನ್ನು ಇನ್ನೊಮ್ಮೆ ನೋಡಬೇಕು. ಒಂದೇ ಅಕ್ಷರಗಳಿಂದ ಮೊದಲಾಗಿ ಒಂದೇ ಅಕ್ಷರದಲ್ಲಿ ಮುಗಿಯುವ ಶಬ್ದಗಳು; ಶಾಯಿ ಮಾಸಿತ್ತು; ಮಳೆಗಾಲದ ಮಬ್ಬು ಬೆಳಕು. ಒಬ್ಬ ಹುಡುಗಿಯು ಒಂದಕ್ಕೆ ಇನ್ನೊಂದನ್ನು ತೆಗೆದುಕೊಂಡಳು. ಆಮ್ಲವು ಚಿಮ್ಮಿ ಬಲಗೈಯ ಹಿಂಭಾಗ ಸುಟ್ಟಿತು. ಕೂಡಲೆ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಒಯ್ದೆವು. ಗಾಯವು ಮಾಯಿತು, ಕಲೆ ಉಳಿಯಿತು.

ಅದರ ಮರುದಿವಸ ನಾವು ಮಾಡಿದ್ದನ್ನೂ ಹೇಳತಕ್ಕದ್ದು. ನಡತೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಅಜಾಗರೂಕತೆ; ಎಚ್ಚರಿಕೆ ಕೊಡಲ್ಪಟ್ಟಿದೆ’ ಎಂದು ಬರೆದೆವು. ಕೈಗೆ ಕಟ್ಟಿದ ಬಟ್ಟೆಯೊಡನೆ ಅವಳನ್ನು ತರಗತಿಯ ಮುಂದೆ ನಿಲ್ಲಿಸಿ, ಓದದೆ ಶೀಶೆಯನ್ನು ಎತ್ತುವವರ ಗತಿ ಇದು ಎಂದು ಉಳಿದವರಿಗೆ ತೋರಿಸಿದೆವು. ವರ್ಷದ ಕೊನೆಗೆ ಅವಳ ತಂದೆಯವರು ಬಂದು, “ಇವಳಿಗೆ ಸೈನ್ಸ್ ಬೇಡ ಮೇಡಂ, ಇವಳ ಕೈ ಒರಟು” ಎಂದರು. ನಾವು ಹೌದೆಂದೆವು. ಗಣಿತದಲ್ಲಿ ಆ ವರ್ಷ ತರಗತಿಗೆ ಎರಡನೆಯವಳಾಗಿದ್ದಳು ಆ ಮಗು.

ಹುಡುಗಿಯ ಪಾಠ ಮುಗಿದ ಮೇಲೆ ನಾವು ಅವಳನ್ನು ಕಚೇರಿಗೆ ಕರೆದು, ಈ ವಿಷಯದ ಬರಹಗಳನ್ನು ಕಳುಹಿಸಬೇಕೆಂದು ಕೇಳಿಕೊಂಡೆವು. ಅವಳು ಧಾರಾಳವಾಗಿಯೇ ಕಳುಹಿಸಿದಳು. ಬೇಸಗೆಯ ರಜವೆಲ್ಲ ಅವುಗಳನ್ನು ಓದುವುದರಲ್ಲಿ ಹೋಯಿತು.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು ಚಾಲಕರ ತಪ್ಪುಗಳೆಂದು ಹೇಳಲ್ಪಟ್ಟ 460 ಪ್ರಸಂಗಗಳನ್ನು ಕೂಡಿಸಿ ವಿಂಗಡಿಸಿದರು. ಒಂದು ಹಿಡಿಗೆ ಬದಲಾಗಿ ಇನ್ನೊಂದನ್ನು ಹಿಡಿದದ್ದೇ ಅವುಗಳಲ್ಲಿ ಸುಮಾರು ಅರ್ಧ. ಎತ್ತರವನ್ನು ತೋರಿಸುವ ಮಾಪಕದ ಕಥೆಯು ಇದಕ್ಕಿಂತ ವಿಚಿತ್ರವಾದದ್ದು. ಒಂದೇ ಮುಖದ ಮೇಲೆ ಮೂರು ಮುಳ್ಳುಗಳು. ಒಂದು ನೂರುಗಳಿಗೆ, ಒಂದು ಸಾವಿರಗಳಿಗೆ, ಒಂದು ಹತ್ತು ಸಾವಿರಗಳಿಗೆ. ನುರಿತ ಚಾಲಕರೂ ಸಾವಿರ ಅಡಿ ತಪ್ಪಾಗಿ ಓದುತ್ತಿದ್ದರು. ಗಡಿಯಾರ ನೋಡಲು ಕಲಿಯುವ ಒಂದನೆಯ ತರಗತಿಯ ಮಕ್ಕಳು ಎರಡೇ ಮುಳ್ಳುಗಳಲ್ಲಿ ಎಷ್ಟು ತೊಡಕಿಗೆ ಸಿಕ್ಕುತ್ತಾರೆಂದು ಕಂಡಿರುವ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1950ರಲ್ಲಿ ಅಮೇರಿಕದ ವಾಯುಪಡೆಯಲ್ಲಿ 4,063 ಚಾಲಕರ ಶರೀರಗಳನ್ನು ಅಳೆದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬಾತನು ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲಿಯೂ ಸರಾಸರಿಗೆ ಹತ್ತಿರವಾಗಿರುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದನು. ಒಬ್ಬನೂ ಇರಲಿಲ್ಲ. ಆಸನವು ಮುಂದಕ್ಕೆ ಹಿಂದಕ್ಕೆ, ಮೇಲಕ್ಕೆ ಕೆಳಕ್ಕೆ ಸರಿಯತಕ್ಕದ್ದೆಂಬದು ಅಲ್ಲಿಂದ ಗಟ್ಟಿಯಾಯಿತು. ಆಗ ಅಳೆಯಲ್ಪಟ್ಟವರು ಗಂಡಸರು ಮಾತ್ರ. 2021ನೆಯ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನವನ್ನು ತಂದವರು ನಾಲ್ವರು ಸ್ತ್ರೀಯರು. ಸರಿಯದ ಆಸನದಲ್ಲಿ ಅವರ ಕಾಲು ಪೆಡಲಿಗೆ ಎಟಕುತ್ತಿತ್ತೋ ಇಲ್ಲವೋ! ನಮ್ಮ ಐದನೆಯ ತರಗತಿಯ ಬೆಂಚುಗಳಲ್ಲಿ ಅರ್ಧದಷ್ಟು ಮಕ್ಕಳ ಕಾಲು ನೆಲಕ್ಕೆ ತಾಕುವುದಿಲ್ಲವೆಂಬದನ್ನೂ ಈ ಸಂದರ್ಭದಲ್ಲಿ ಪೋಷಕರ ಗಮನಕ್ಕೆ ತರುತ್ತೇವೆ.

ಇನ್ನು ಎ-380ರ ಕೋಣೆಗೆ ಬರೋಣ. ಹಿಂದಿನ ಜಂಬೋ ವಿಮಾನಗಳಲ್ಲಿ ಇಬ್ಬರು ಚಾಲಕರಲ್ಲದೆ ಯಂತ್ರಗಳನ್ನು ನೋಡಿಕೊಳ್ಳುವುದಕ್ಕೆ ಮೂರನೆಯವನೊಬ್ಬನು ಕೂಡ್ರುತ್ತಿದ್ದನು. ದೀಪ, ಮಾಪಕ, ಸ್ವಿಚ್ಚು ಎಲ್ಲ ಸೇರಿ 971 ಇದ್ದವು. 1989ರಲ್ಲಿ ಸೇವೆಗೆ ಬಂದ 747-400ರಲ್ಲಿ ಅವು 365ಕ್ಕೆ ಇಳಿದವು, ಮೂರನೆಯ ಆಸನವೂ ಹೋಯಿತು. ಎ-380ರಲ್ಲಿ ಚಾಲಕರ ಮುಂದೆ ಎಂಟು ಪರದೆಗಳು. ಒಂದೊಂದೂ ಹೆಚ್ಚುಕಡಿಮೆ ಸ್ಲೇಟಿನಷ್ಟು, 15 ಸೆಂಟಿಮೀಟರು ಅಗಲ, 20 ಸೆಂಟಿಮೀಟರು ಎತ್ತರ. ಎಂಟೂ ಒಂದೇ ತೆರನಾದವು; ಒಂದರ ಜಾಗಕ್ಕೆ ಇನ್ನೊಂದನ್ನು ಕೂಡ್ರಿಸಬಹುದು. ಒಂದು ಆರಿದರೆ ಅದರಲ್ಲಿದ್ದದ್ದು ಇನ್ನೊಂದರಲ್ಲಿ ಮೂಡುತ್ತದೆ. ಚಿತ್ರಗಳು ಮಾತ್ರ ಬೇರೆ ಬೇರೆ: ವೇಗ, ಎತ್ತರ, ದಿಗಂತ ಒಂದರಲ್ಲಿ, ದಾರಿಯ ನಕ್ಷೆ ಒಂದರಲ್ಲಿ, ಅದರ ಕೆಳಗೆ ಮುಂದಿನ ಬೆಟ್ಟವನ್ನೂ ಮೋಡವನ್ನೂ ಪಕ್ಕದಿಂದ ಕೊಯ್ದು ತೋರಿಸುವ ಚಿತ್ರ, ನಡುವೆ ಇಂಜಿನುಗಳೂ ಎಚ್ಚರಿಕೆಗಳೂ. ಪಾರ್ಶ್ವದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಕೋಲು. ಅದನ್ನು ಬಾಗಿಸಿದರೆ ತಂತಿಯಲ್ಲಿ ಸಂದೇಶ ಹೋಗಿ, ಗಣಕಯಂತ್ರಗಳು ಅದನ್ನು ತೂಗಿ ನೋಡಿ ರೆಕ್ಕೆಗೂ ಬಾಲಕ್ಕೂ ಅಪ್ಪಣೆ ಕೊಡುತ್ತವೆ. ಆ ಗಣಕಯಂತ್ರಗಳು ಮುಖ್ಯವಾದವು ಮೂರು, ಬದಲಿಯವು ಮೂರು. ಎರಡು ಗುಂಪುಗಳನ್ನೂ ಬೇರೆ ಬೇರೆಯಾಗಿ ರಚಿಸುತ್ತಾರೆ, ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಸೇರದಂತೆ. ಉತ್ತರಪತ್ರಿಕೆಯನ್ನು ಇಬ್ಬರು ಪರೀಕ್ಷಕರು ಒಬ್ಬರ ಅಂಕವನ್ನು ಇನ್ನೊಬ್ಬರು ನೋಡದೆ ತಿದ್ದುವ ಕ್ರಮವೇ ಇದು.

ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ತಲೆಯ ಮೇಲಿನ ಫಲಕದ ಕ್ರಮ. ಎಲ್ಲವೂ ಸರಿಯಾಗಿರುವಾಗ ಅಲ್ಲಿ ಒಂದು ದೀಪವೂ ಉರಿಯುವುದಿಲ್ಲ. ಉರಿದರೆ ಮಾತ್ರ ಗಮನಿಸಬೇಕು: ಕೆಂಪಾದರೆ ಕೂಡಲೆ, ಹಳದಿಯಾದರೆ ತಿಳಿದುಕೊಂಡು. ದಿವಸವಿಡೀ ಕೂಗಿ ಕೂಗಿ ಮಕ್ಕಳ ಕಿವಿಯನ್ನು ಮರಗಟ್ಟಿಸುವ ಅಧ್ಯಾಪಕಿಯರು (ಅವರೊಳಗೆ ನಾವೂ ಸೇರಿದವರು) ಈ ಫಲಕವನ್ನು ಒಮ್ಮೆ ನೋಡತಕ್ಕದ್ದು.

ಹೀಗೆಂದ ಮಾತ್ರಕ್ಕೆ ಪರದೆಗಳು ಬಂದ ಮೇಲೆ ಎಲ್ಲವೂ ಸರಿಹೋಯಿತೆಂದು ಯಾರೂ ತಿಳಿಯಬಾರದು. 1990ನೆಯ ಫೆಬ್ರವರಿ 14ರಂದು ನಾವು ಬೆಂಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಓದುವ ಚಿಕ್ಕವರು. ಮಧ್ಯಾಹ್ನ ಊಟದ ಡಬ್ಬಿ ತೆರೆದಿರುವ ಹೊತ್ತಿನಲ್ಲಿ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನವು ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವುದಕ್ಕೆ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿದ್ದು ಉರಿಯಿತು. 146 ಮಂದಿಯಲ್ಲಿ 92 ಮಂದಿ ತೀರಿಹೋದರು. ಅದು ಎ-320; ಪಕ್ಕದ ಕೋಲು, ಪರದೆ, ಗಣಕಯಂತ್ರಗಳ ಕ್ರಮವೆಲ್ಲ ಆ ಜಾತಿಯ ವಿಮಾನದಲ್ಲಿಯೇ ಮೊದಲಾಗಿ ಬಂದದ್ದು, ಎ-380 ಅದರ ತಂಗಿ. ಮೇಲೆ ಹೋಗುವ ಹೊಗೆಯನ್ನು ಕಂಡೆವೆಂದು ನಮ್ಮ ಜತೆಯ ಕೆಲವರು ಹೇಳುತ್ತಿದ್ದರು; ನಮಗೆ ನೆನಪಿರುವುದು ಅಧ್ಯಾಪಕಿಯೊಬ್ಬರು ಗೋಡೆಗೆ ಒರಗಿ ನಿಂತದ್ದು ಮಾತ್ರ. ಆಗ ದೊಡ್ಡವರೆಲ್ಲ ‘ಪೈಲಟ್ ತಪ್ಪು’ ಎಂದರು. ಆ ಎರಡು ಶಬ್ದಗಳನ್ನು ನಾವು ಮೊದಲು ಕೇಳಿದ್ದು ಆ ವಾರ.

ಮೂವತ್ತು ವರ್ಷಗಳಿಗೂ ಮಿಕ್ಕಿದ ಮೇಲೆ ಅದರ ವಿವರವನ್ನು ಓದಿದೆವು. ಇಳಿಯುವ ಕೊನೆಯ ನಿಮಿಷಗಳಲ್ಲಿ ಆ ವಿಮಾನವು, ಇಂಜಿನುಗಳು ಬರಿದೆ ತಿರುಗುತ್ತಿರುವಂಥ ಇಳಿಕೆಯ ಕ್ರಮದಲ್ಲಿತ್ತು. ಶಕ್ತಿಯಿಲ್ಲದೆ ವೇಗ ಕುಂದಿತು, ವಿಮಾನ ಕುಸಿಯಿತು. ಎತ್ತರವನ್ನು ಕೂಗುವ ಯಂತ್ರವು ನಾನೂರು, ಮುನ್ನೂರು, ಇನ್ನೂರು ಎಂದು ಕೂಗಿದರೂ ಚಾಲಕರು ತಕ್ಷಣ ಶಕ್ತಿಯನ್ನು ಏರಿಸಲಿಲ್ಲವೆಂದು ವಿಚಾರಣಾ ನ್ಯಾಯಾಲಯವು ತೀರ್ಮಾನಿಸಿತು. ಅಂಥ ಕ್ರಮವು ಆ ಹೊತ್ತಿನಲ್ಲಿ ಹೇಗೆ ತೊಡಗಿತೆಂದು ನಿಶ್ಚಯವಾಗಿ ಹೇಳಲಾಗದೆಂದೂ ಬರೆಯಿತು. ಇಳಿಯುವ ವೇಗವನ್ನು ಗೊತ್ತುಮಾಡುವ ಗುಂಡಿಗೆ ಬದಲಾಗಿ ಅದರ ನೆರೆಯ ಎತ್ತರದ ಗುಂಡಿಯನ್ನು ತಿರುಗಿಸಿರಬಹುದೆಂಬದು ಚರ್ಚೆಗೆ ಬಂದ ಒಂದು ಸಾಧ್ಯತೆ. ನೆರೆಯ ಗುಂಡಿ! ಓದುತ್ತಾ ನಾವು ಪುಸ್ತಕವನ್ನು ಕೆಳಗಿಟ್ಟು ಹೊರಗೆ ಹೋಗಿ ಬಂದೆವು.

ಆ ಪಕ್ಕದ ಕೋಲುಗಳ ವಿಷಯವಾಗಿಯೂ ಒಂದು ವಾದವುಂಟು. ಬೋಯಿಂಗಿನವರು 1995ರಲ್ಲಿ ಸೇವೆಗೆ ಬಂದ 777ರಲ್ಲಿ ತಂತಿಯ ಸಂದೇಶವನ್ನೇ ಅವಲಂಬಿಸಿದರೂ ಹಳೆಯ ಚಕ್ರದ ಹಿಡಿಯನ್ನು ಬಿಡಲಿಲ್ಲ. ಒಬ್ಬನು ಎಳೆದರೆ ಇನ್ನೊಬ್ಬನ ಕೈಯಲ್ಲಿರುವುದೂ ಸರಿಯುತ್ತದೆ. ಏರ್‌ಬಸ್ಸಿನ ಕೋಲುಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. 2009ನೆಯ ಜೂನ್ 1ರಂದು ಏರ್ ಫ್ರಾನ್ಸಿನ ಎ-330 ವಿಮಾನವು ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದು 228 ಮಂದಿ ಸತ್ತಾಗ, ಒಬ್ಬ ಚಾಲಕನು ಕೋಲನ್ನು ಹಿಂದಕ್ಕೆ ಎಳೆದೇ ಇದ್ದನು. ಪಕ್ಕದವನ ಕೈಗೆ ಅದು ತಿಳಿಯಲಿಲ್ಲ. ನಮಗೆ ಈ ವಾದದಲ್ಲಿ ತೀರ್ಪು ಹೇಳುವ ಯೋಗ್ಯತೆಯಿಲ್ಲ. ಆದರೂ ಜತೆಗಾರಳು ಮಾಡುತ್ತಿರುವುದು ಕೈಗೆ ತಿಳಿಯುವುದೇ ಲೇಸೆಂದು ನಮ್ಮ ಮನಸ್ಸು ಹೇಳುತ್ತದೆ.

ಇನ್ನೊಂದು ಪ್ರಸಂಗವನ್ನು ಮಾತ್ರ ವಿಸ್ತಾರವಾಗಿ ಹೇಳುವೆವು. ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯವರು ತಮ್ಮ ಮೊದಲನೆಯ ಎ-380ಕ್ಕೆ ನ್ಯಾನ್ಸಿ ಬರ್ಡ್ ವಾಲ್ಟನ್ ಎಂದು ಹೆಸರಿಟ್ಟರು. ಆಕೆಯು 1930ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿರುವಾಗಲೇ, ರಸ್ತೆಯಿಲ್ಲದ ಒಳನಾಡಿನಲ್ಲಿ ದಾದಿಯರನ್ನೂ ರೋಗಿಗಳನ್ನೂ ಚಿಕ್ಕ ವಿಮಾನದಲ್ಲಿ ಹೊತ್ತು ತಿರುಗಿದ ಧೀರ ಸ್ತ್ರೀ. 2010ನೆಯ ನವೆಂಬರ್ 4ರಂದು ಆ ಹೆಸರಿನ ವಿಮಾನವು 469 ಮಂದಿಯೊಡನೆ ಸಿಂಗಪುರದಿಂದ ಸಿಡ್ನಿಗೆ ಹೊರಟು ಕೆಲವೇ ನಿಮಿಷಗಳಾಗಿದ್ದವು. ಎಡಗಡೆಯ ಒಳಗಿನ ಇಂಜಿನು ಸಿಡಿಯಿತು. ಒಂದು ಎಣ್ಣೆಯ ಕೊಳವೆಯನ್ನು ಕಾರ್ಖಾನೆಯಲ್ಲಿ ಸರಿಯಾಗಿ ಕೊರೆದಿರಲಿಲ್ಲವಾದ್ದರಿಂದ ಎಣ್ಣೆ ಸೋರಿ ಬೆಂಕಿ ಹತ್ತಿ, ತಿರುಗುವ ಚಕ್ರವು ಒಡೆದು, ಅದರ ತುಂಡುಗಳು ರೆಕ್ಕೆಯನ್ನು ತೂರಿ ಆರು ನೂರಕ್ಕೂ ಹೆಚ್ಚು ತಂತಿಗಳನ್ನು ಕತ್ತರಿಸಿದವು.

ಆಗ ಆ ಪರದೆಗಳಲ್ಲಿ ಎಚ್ಚರಿಕೆಗಳು ಒಂದರ ಹಿಂದೊಂದು ಬರತೊಡಗಿದವು. ಇಂಧನ, ವಿದ್ಯುತ್ತು, ಬ್ರೇಕು, ರೆಕ್ಕೆಯ ಹಲಗೆಗಳು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿನದು. ಅದೃಷ್ಟವಶಾತ್ ಆ ದಿವಸ ಕೋಣೆಯಲ್ಲಿ ಐದು ಮಂದಿ ಚಾಲಕರಿದ್ದರು. ಮುಖ್ಯ ಚಾಲಕರಾದ ರಿಚರ್ಡ್ ಡಿ ಕ್ರೆಸ್ಪಿನಿಯವರು ಪರೀಕ್ಷೆಗೆ ಒಳಗಾಗಿದ್ದರು, ಪರೀಕ್ಷಕರಿಗೂ ಮೇಲಿನ ಪರೀಕ್ಷಕರೊಬ್ಬರಿದ್ದರು. ಎಚ್ಚರಿಕೆಗಳನ್ನು ಒಂದೊಂದಾಗಿ ಓದಿ ಮಾಡತಕ್ಕದ್ದನ್ನು ಮಾಡುವುದಕ್ಕೆ ಸುಮಾರು 50 ನಿಮಿಷ ಹಿಡಿಯಿತು. ಕೆಡುತ್ತಿರುವುದನ್ನು ಎಣಿಸುತ್ತಾ ಮನಸ್ಸು ಸೋತಾಗ, ಕೆಟ್ಟದ್ದನ್ನು ಬಿಟ್ಟು ಇನ್ನೂ ನಡೆಯುವಂಥದ್ದು ಏನೇನುಂಟೆಂದು ಲೆಕ್ಕ ಹಾಕಲು ತೊಡಗಿದೆನೆಂದು ಡಿ ಕ್ರೆಸ್ಪಿನಿಯವರು ಆಮೇಲೆ ವಿವರಿಸಿದ್ದಾರೆ. ಓಡುದಾರಿ 4,000 ಮೀಟರು. ಲೆಕ್ಕದ ಪ್ರಕಾರ ನಿಂತ ಮೇಲೆ ಉಳಿಯತಕ್ಕದ್ದು 100 ಮೀಟರು. ಆ ಲೆಕ್ಕವನ್ನು ನಂಬಿ ಇಳಿದರು, ನಿಂತರು. ಒಂದು ಇಂಜಿನು ಮಾತ್ರ ಆರಿಸಿದರೂ ಆರದೆ, ಬೆಂಕಿ ಆರಿಸುವವರು ಸುಮಾರು ಮೂರು ತಾಸು ನೀರು ಹೊಡೆದ ಮೇಲೆ ನಿಂತಿತು. 469 ಮಂದಿಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಈ ಪ್ರಸಂಗವನ್ನು ಹೊಗಳುವವರು ಒಬ್ಬೊಬ್ಬರು ಒಂದೊಂದು ಪಕ್ಷ: ಯಂತ್ರವು ಕಾಪಾಡಿತೆಂದು ಕೆಲವರು, ಮನುಷ್ಯರು ಕಾಪಾಡಿದರೆಂದು ಕೆಲವರು. ನಾವು ಆ ಹುಡುಗಿಗೆ ದೂರವಾಣಿಯಲ್ಲಿ ಕೇಳಿದೆವು: “ಎಲ್ಲವೂ ಗುಂಡಿಯ ತಪ್ಪು, ಶೀಶೆಯ ತಪ್ಪು ಎಂದು ಹೇಳುತ್ತಾ ಹೋದರೆ ಮಕ್ಕಳು ಎಚ್ಚರಿಕೆಯನ್ನು ಕಲಿಯುವುದು ಯಾವಾಗ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಿಸ್, ಎಚ್ಚರಿಕೆ ಕಲಿಸಬೇಡಿ ಎಂದು ನಾವು ಹೇಳುವುದಿಲ್ಲ. ಆ ಪೈಲಟ್‌ಗಳು ವರ್ಷವರ್ಷವೂ ಪರೀಕ್ಷೆ ಕೊಡುತ್ತಾರೆ. ಆದರೆ ಒಳ್ಳೆಯ ಪೈಲಟ್ ಕೂಡ ಒಂದು ದಿವಸ ಆಯಾಸಗೊಂಡಿರುತ್ತಾನೆ. ಆ ದಿವಸಕ್ಕಾಗಿ ನಾವು ಕೆಲಸಮಾಡುತ್ತೇವೆ” ಎಂದಳು. ಈ ಉತ್ತರವು ನಮ್ಮನ್ನು ಪೂರ್ತಿ ಒಪ್ಪಿಸಿದೆಯೆಂದು ಹೇಳಲಾರೆವು. ಇಪ್ಪತ್ತು ವರ್ಷ ಚಾಕು ಹಿಡಿದು ಪೆನ್ಸಿಲು ಕೆತ್ತಲು ಕಲಿಸಿದವರಿಗೆ, ಕೆತ್ತುವ ಯಂತ್ರವನ್ನು ಕೊಟ್ಟುಬಿಟ್ಟರೆ ಬೆರಳು ಏನನ್ನು ಕಲಿಯುವುದೆಂಬ ಸಂಶಯ ಇದ್ದೇ ಇರುತ್ತದೆ. ಆದರೆ ಆ ಎರಡು ಶೀಶೆಗಳ ವಿಷಯದಲ್ಲಿ ಸಂಶಯವಿಲ್ಲ.

ಈಗ ನಮ್ಮ ಪ್ರಯೋಗಶಾಲೆಯಲ್ಲಿ ಸಾರಯುಕ್ತ ಆಮ್ಲವು ಬೇರೆ ಕಪಾಟಿನಲ್ಲಿದೆ. ಬೀಗದ ಕೈ ಅಧ್ಯಾಪಕಿಯ ಬಳಿ. ಶೀಶೆಯು ಚೌಕವಾದದ್ದು, ಕುತ್ತಿಗೆಗೆ ಕೆಂಪು ದಾರವನ್ನು ಗಂಟುಹಾಕಿ ಕಟ್ಟಿದೆ. ಕಣ್ಣು ಮುಚ್ಚಿ ಮುಟ್ಟಿದರೂ ಗಂಟು ತಿಳಿಯುತ್ತದೆ. ಖರ್ಚು ಹೆಚ್ಚೇನೂ ಆಗಲಿಲ್ಲ. ಹನ್ನೆರಡು ವರ್ಷಗಳ ಹಿಂದೆಯೂ ಆಗುತ್ತಿರಲಿಲ್ಲ.

ಬೇಸಗೆಯ ರಜ ಮುಗಿಯುವ ಮುಂಚೆ, 2012ನೆಯ ವರ್ಷದ ನಡತೆಯ ಪುಸ್ತಕವನ್ನು ಹಳೆಯ ದಾಖಲೆಗಳ ಬೀರುವಿನಿಂದ ತೆಗೆಯಿಸಿದೆವು. ನಮ್ಮದೇ ಅಕ್ಷರ. ಅದನ್ನು ಹೊಡೆದುಹಾಕುವುದಕ್ಕೆ ನಮಗೆ ಅಧಿಕಾರವಿಲ್ಲ, ಇದ್ದರೂ ಹೊಡೆಯುತ್ತಿರಲಿಲ್ಲ. ಅದರ ಕೆಳಗೆ, ‘ಎರಡು ಶೀಶೆಗಳೂ ಒಂದೇ ತೆರನಾಗಿದ್ದವು, ಅವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟವರು ಅಧ್ಯಾಪಕಿ’ ಎಂದು ಬರೆದು ತಾರೀಖು ಹಾಕಿ ರುಜು ಮಾಡಿದೆವು.

ಆ ಹುಡುಗಿಯ ಹೆಸರನ್ನು ಇಲ್ಲಿ ಅಚ್ಚುಹಾಕುವುದು ಸರಿಯಲ್ಲ. ಅವಳ ಜತೆಯವರಿಗೆ ಓದಿದ ಕೂಡಲೆ ತಿಳಿಯುವುದು. ಮದುವೆಯಾಗಿ ಊರು ಬಿಟ್ಟಿದ್ದಾಳೆಂದು ಕೇಳಿದ್ದೇವೆ; ಕಚೇರಿಯಲ್ಲಿರುವ ವಿಳಾಸಕ್ಕೆ ಬರೆದ ಕಾಗದವು ತಿರುಗಿ ಬಂತು. ಅವಳ ಈಗಿನ ವಿಳಾಸವನ್ನು ಬಲ್ಲವರು ದಯವಿಟ್ಟು ಶಾಲೆಗೆ ತಿಳಿಸಬೇಕಾಗಿ ಕೋರುತ್ತೇವೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳಿಗಾಗಿ ನಮ್ಮ ಮೇಜಿನ ಖಾನೆಯಲ್ಲಿ ತೆಗೆದಿರಿಸಿದೆ.